ನೂರ ಹತ್ತೊಂಬತ್ತನೆಯ ಜೋಡಿ

"ಇನ್ನೊಂದು ಚೂರು ಎತ್ತಿ," ಎಂದಳು ಗಾಜಿನಕ್ಕ, ಡಾಕ್ಟರ ಕತ್ತಿನ ಕೆಳಗೆ ಎಡಗೈ ಕೊಟ್ಟು. ಡಾಕ್ಟರ ಹೆಂಡತಿ ತಲೆದಿಂಬನ್ನು ಎರಡು ಬೆರಳಿನಷ್ಟು ಮೇಲಕ್ಕೆಳೆದರು. ಬಲಗಿವಿಯ ಹಿಂದಿನ ಹೊಲಿಗೆ ದಿಂಬಿನ ಮಡಿಕೆಯಲ್ಲಿ ಮರೆಯಾಯಿತು. ಎಡಗಡೆಯದನ್ನು ಮುಚ್ಚಲು ಮುಖವನ್ನು ಇಷ್ಟೇ ಇಷ್ಟು ಆ ಕಡೆಗೆ ಹೊರಳಿಸಬೇಕಾಯಿತು. ಈಗ ಡಾಕ್ಟರು ಯಾರದೋ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲು ತಲೆ ಓರೆ ಮಾಡಿದವರ ಹಾಗೆ ಕಂಡರು.

"ಸರ್ಜನ್ ನೀಟಾಗಿ ಹೊಲಿದಿದ್ದಾರೆ," ಎಂದರು ಹೆಂಡತಿ ಬಗ್ಗಿ ನೋಡಿ. "ಇವರ ಕೈಲಿ ಒಂದು ಅಂಗಿ ಗುಂಡಿ ಹಾಕಿಸೋಕೆ ಆಗ್ತಿರ್ಲಿಲ್ಲ."

ಹಿಂದಿನ ದಿನ ಸಂಜೆ ವಾಕಿಂಗಿಗೆ ಹೋದ ಡಾಕ್ಟರು ರಸ್ತೆಯ ತಿರುವಿನಲ್ಲಿ ಕುಸಿದು ಕುಳಿತಿದ್ದರು, ಮತ್ತೆ ಏಳಲಿಲ್ಲ. ಬೆಳಗಾಗುವುದರೊಳಗೆ ಆಸ್ಪತ್ರೆಯ ಸರ್ಜನ್ ಎರಡೂ ಕಡೆಯ ಒಳಗಿವಿಯ ಮೂಳೆಗಳನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿಕೊಟ್ಟಿದ್ದರು. ಅದಕ್ಕೆ ಡಾಕ್ಟರು ಮೂವತ್ತೊಂದು ವರ್ಷದ ಹಿಂದೆಯೇ ಸಹಿ ಮಾಡಿಟ್ಟಿದ್ದರು. ಜೀವಮಾನವಿಡೀ ಕಂಡಕಂಡವರ ಹತ್ತಿರ ಕಿವಿ ಕೇಳಿದ ಮನುಷ್ಯ ತನ್ನದನ್ನು ಮಾತ್ರ ಹೊತ್ತುಕೊಂಡು ಹೋಗುವುದು ಚೆನ್ನಾಗಿರುತ್ತದೆಯೇ?

ಕೇಳುತ್ತಿದ್ದದ್ದೂ ಹಾಗೇ, ನೇರವಾಗಿ. ಬದುಕಿರುವಾಗ ವರ್ಷಕ್ಕೊಮ್ಮೆ ಬಂದು ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ, ಸತ್ತ ಮೇಲೆ ಒಳಗಿವಿ ಕೊಡಿ. ಜೀವಂತ ಮನುಷ್ಯನ ಒಳಗಿವಿಯನ್ನು ತೆರೆದು ನೋಡುವ ಹಾಗಿಲ್ಲ. ನೋಡಲು ಸಿಗುವ ಹೊತ್ತಿಗೆ ಕೇಳಿಸುತ್ತಿದೆಯೇ ಎಂದು ಕೇಳುವ ಹಾಗಿಲ್ಲ. ಅದಕ್ಕೇ ಪರೀಕ್ಷೆಯ ಹಾಳೆಯೂ ಬೇಕು, ಮೂಳೆಯೂ ಬೇಕು. ಹಾಳೆಯಿಲ್ಲದ ಕಿವಿ ಬರೀ ಮೂಳೆ. ಹೀಗೆ ಕೂಡಿಸಿದ ನೂರ ಹದಿನೆಂಟು ಜೋಡಿಗಳು ಪ್ರಯೋಗಾಲಯದ ಕಪಾಟಿನಲ್ಲಿದ್ದವು. ಪರೀಕ್ಷೆಯ ಹಾಳೆಗಳಲ್ಲಿ ಹೆಚ್ಚಿನವು ಗಾಜಿನಕ್ಕನವು. ಸದ್ದಿಲ್ಲದ ಕೋಣೆಯೊಳಗೆ ಜನ ಹೆಡ್‌ಫೋನ್ ಹಾಕಿಕೊಂಡು ಕೂತರೆ, ಗಾಜಿನ ಈಚೆ ಕೂತು ಸದ್ದು ಕೊಡುವವಳು ಅವಳು. ಇಪ್ಪತ್ತೆಂಟು ವರ್ಷದಿಂದ ಗಾಜಿನ ಹಿಂದೆಯೇ ಕಂಡದ್ದರಿಂದ ಜನ ಇಟ್ಟ ಹೆಸರು ಗಾಜಿನಕ್ಕ.

ಬಾಗಿಲಲ್ಲಿ ಪ್ರಯೋಗಾಲಯದ ಹೊಸ ಮುಖ್ಯಸ್ಥ ಕಾಣಿಸಿಕೊಂಡ. ಹೊಸಬ ಅನ್ನುವುದು ರೂಢಿಯ ಮಾತು, ಬಂದು ಒಂಬತ್ತು ವರ್ಷವಾಗಿತ್ತು. ಡಾಕ್ಟರು ನಿವೃತ್ತಿಯಾದ ಮೇಲೂ ದಿನಾ ಬರುತ್ತಿದ್ದರಿಂದ ಅವನು ಹಳಬನಾಗಲು ಸಾಧ್ಯವಾಗಿರಲಿಲ್ಲ. ಡಾಕ್ಟರ ಹೆಂಡತಿಗೆ ಕೈಮುಗಿದು, ಒಂದು ಗಳಿಗೆ ದೇಹದ ಮುಂದೆ ನಿಂತು, ಆಮೇಲೆ ಗಾಜಿನಕ್ಕನನ್ನು ಕಿಟಕಿಯ ಹತ್ತಿರ ಕರೆದ.

"ಜಾಡಿಗಳು ಬಂದಿವೆ. ಎರಡೂ ಚೆನ್ನಾಗಿವೆ," ಎಂದ ತಗ್ಗಿದ ದನಿಯಲ್ಲಿ. "ನಾಲ್ಕು ಗಂಟೆಗೆ ಹೊರಡೋದು. ಅದಕ್ಕೆ ಮೊದಲು ನಾನು ಎರಡು ಮಾತು ಹೇಳ್ತೀನಿ. ಬರ್ಕೊಂಡು ಬಂದಿದ್ದೀನಿ. ಎಪ್ಪತ್ತೊಂದು ವರ್ಷಕ್ಕೆ ಮೂವತ್ತರ ಕಿವಿ! ಎಲ್ಲಿ ಸಿಗುತ್ತೆ ಹೇಳಿ? ಬಂಗಾರದ ಕಿವಿ ಅಂತ ಸುಮ್ನೆ ಹೆಸರಿಟ್ವಾ?"

ಗಾಜಿನಕ್ಕ ಕೈಚೀಲದ ಹಿಡಿಯನ್ನು ಸರಿಮಾಡಿಕೊಂಡಳು.

"ನೀಲಿ ಹಾಳೆ ತಂದಿದ್ದೀರಲ್ಲ?"

"ಚೀಲದಲ್ಲಿದೆ."

"ಅದನ್ನೊಂದು ತುಂಬಿಬಿಡಿ. 'ಬದಲಾವಣೆ ಇಲ್ಲ' ಅಂತ ಬರೀತಾ ಹೋದ್ರೆ ಎರಡು ನಿಮಿಷದ ಕೆಲ್ಸ. ಹೊರಡೋದ್ರೊಳಗೆ ಕೊಟ್ರೆ ಅವರ ನಿಯಮಾನೂ ಪಾಲಿಸಿದ ಹಾಗಾಗುತ್ತೆ."

ಅವನು ಹೋದ. ಗಾಜಿನಕ್ಕ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡು ಗೋಡೆಗೊರಗಿ ಕೂತಳು. ಡಾಕ್ಟರ ಪರೀಕ್ಷೆಯ ಹಾಳೆಗಳಲ್ಲಿ ಕೊನೆಯ ಏಳು ವರ್ಷದವು ಸುಳ್ಳು ಎಂಬುದು ಅವಳಿಗೆ ಗೊತ್ತಿತ್ತು. ಏಳಕ್ಕೂ ಅವಳ ಸಹಿಯಿತ್ತು. ನೀಲಿ ಹಾಳೆಯಲ್ಲಿ ನಿಜ ಬರೆದರೆ ಸತ್ತ ಮನುಷ್ಯನ ಮಾನ ಹೋಗುತ್ತದೆ, ಅದರ ಹಿಂದೆಯೇ ಅವಳದ್ದೂ. ಬರೆಯದಿದ್ದರೆ ಕಪಾಟಿನಲ್ಲಿ ಒಂದು ಸುಳ್ಳು ಜೋಡಿ ಕಿವಿ ಶಾಶ್ವತವಾಗಿ ಕೂರುತ್ತದೆ. ನಾಲ್ಕು ಗಂಟೆಗೆ ಇನ್ನೂ ನಾಲ್ಕೂವರೆ ಗಂಟೆ ಇತ್ತು.

*

ನೀಲಿ ಹಾಳೆ ಡಾಕ್ಟರದ್ದೇ ಕಲ್ಪನೆ. ಗಾಜಿನಕ್ಕ ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ, ಕಿವಿ ಬರೆದುಕೊಟ್ಟಿದ್ದ ಒಬ್ಬ ಬಡಗಿ ತೀರಿಕೊಂಡ. "ಬಾ, ಹೋಗಿ ಬರೋಣ," ಎಂದು ಡಾಕ್ಟರು ಅವಳನ್ನೂ ಹೊರಡಿಸಿದರು. ಸಮಾಧಾನ ಹೇಳಲು ಹೋಗುತ್ತಿದ್ದೇವೆ ಎಂದುಕೊಂಡಿದ್ದಳು. ಆದರೆ ಡಾಕ್ಟರು ಬಡಗಿಯ ಹೆಂಡತಿಯ ಪಕ್ಕ ನೆಲದ ಮೇಲೆ ಕೂತು, ಜೇಬಿನಿಂದ ನೀಲಿ ಹಾಳೆ ತೆಗೆದು, "ಕೊನೆ ಒಂದು ವರ್ಷದಲ್ಲಿ ಇವರಿಗೆ ಏನೇನು ಕೇಳಿಸ್ತಿರ್ಲಿಲ್ಲ, ತಾಯಿ?" ಎಂದು ಕೇಳಿಯೇಬಿಟ್ಟರು.

ಗಾಜಿನಕ್ಕನಿಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಆದರೆ ಆ ಹೆಂಗಸು ಅಳು ನಿಲ್ಲಿಸಿ ಯೋಚಿಸಿದಳು.

"ಗರಗಸದ ಸದ್ದು ಕೇಳಿಸ್ತಿತ್ತು. ನನ್ನ ಸದ್ದು ಕೇಳಿಸ್ತಿರ್ಲಿಲ್ಲ. ಯಾವ ಕಿವಿಗೆ ಹೇಳಿದ್ರೂ ಅಷ್ಟೇ." ಹೇಳಿ ನಕ್ಕಳು. ನಕ್ಕಿದ್ದಕ್ಕೆ ಮತ್ತೆ ಅತ್ತಳು. ಆಮೇಲೆ ಒಂದು ಗಂಟೆ ಮಾತಾಡಿದಳು. ಯಾವ ಕಿವಿಗೆ ಫೋನ್ ಹಿಡಿಯುತ್ತಿದ್ದ, ರೇಡಿಯೋ ಎಷ್ಟು ಜೋರಾಗಿಡುತ್ತಿದ್ದ, ಯಾರು ಕರೆದರೆ ತಿರುಗುತ್ತಿದ್ದ, ಯಾರು ಕರೆದರೆ ಇಲ್ಲ. ಎದ್ದು ಬರುವಾಗ ಅವಳೇ ಬಾಗಿಲವರೆಗೆ ಬಂದು, "ಇನ್ನೇನಾದ್ರೂ ನೆನಪಾದ್ರೆ ಹೇಳಿಕಳಿಸ್ತೀನಿ," ಎಂದಳು.

"ಇವತ್ತೇ ಕೇಳ್ಬೇಕಿತ್ತಾ ಸಾರ್?" ಎಂದಳು ಗಾಜಿನಕ್ಕ ದಾರಿಯಲ್ಲಿ, ಸಿಟ್ಟು ತಡೆಯಲಾರದೆ. "ಒಂದು ವಾರ ಬಿಟ್ಟು ಬಂದಿದ್ರೆ ಗಂಟು ಹೋಗ್ತಿತ್ತಾ?"

"ಹೋಗ್ತಿತ್ತು," ಎಂದರು ಡಾಕ್ಟರು. "ಇವತ್ತು ಅವಳಿಗೆ ಗಂಡ ಇದ್ದ ಹಾಗೇ ನೆನಪಿದ್ದಾನೆ. ನಾಳೆಯಿಂದ ಒಳ್ಳೆಯವನಾಗ್ತಾ ಹೋಗ್ತಾನೆ. ಇನ್ನೊಂದು ವಾರಕ್ಕೆ ಅವನಿಗೆ ಎಲ್ಲಾ ಕೇಳಿಸ್ತಿತ್ತು ಅಂತಾಳೆ, ಪಾಪ. ದೇಹ ಮನೆ ಬಿಡೋದ್ರೊಳಗೆ ಕೇಳಿದ್ದು ಮಾತ್ರ ಲೆಕ್ಕಕ್ಕೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: "ನೋಡು, ಹಾಳೆ ಸುಳ್ಳಾದ್ರೆ ಕಿವಿನೂ ಸುಳ್ಳಾಗುತ್ತೆ. ಮುಂದೆ ಯಾರೋ ಅದನ್ನ ನಂಬ್ಕೊಂಡು ಕೆಲ್ಸ ಮಾಡ್ತಾರೆ. ಅಂಥ ಜೋಡಿ ಕಪಾಟಲ್ಲಿ ಇರೋದಕ್ಕಿಂತ ಇಲ್ದೇ ಇರೋದು ವಾಸಿ."

ಆಗ ಅವಳಿಗೆ ಅವರ ಮೇಲೆ ಗೌರವ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಇಂಥವರ ಕೈಕೆಳಗೆ ಹೇಗಪ್ಪಾ ಕೆಲಸ ಮಾಡುವುದು ಎನ್ನಿಸಿತ್ತು. ಗೌರವ ಆಮೇಲೆ ಬಂತು, ಮೆಲ್ಲಗೆ, ಅವಳಿಗೇ ಗೊತ್ತಾಗದ ಹಾಗೆ.

*

ಹನ್ನೆರಡಾಗುವ ಹೊತ್ತಿಗೆ ಹಜಾರ ತುಂಬಿತು. ಬಂದವರಲ್ಲಿ ಅರ್ಧದಷ್ಟು ಜನ ವರ್ಷವರ್ಷವೂ ಪರೀಕ್ಷೆಗೆ ಬರುವವರು. ಗಾಜಿನಕ್ಕನನ್ನು ಕಂಡವರೇ ಅವಳ ಪಕ್ಕ ಬಂದು ಕೂರುತ್ತಿದ್ದರು. ಇಂಥ ಮನೆಗಳಲ್ಲಿ ಅವಳಿದ್ದಾಳೆಂದರೆ ನೀಲಿ ಹಾಳೆ ಇದೆ, ನೀಲಿ ಹಾಳೆ ಇದೆಯೆಂದರೆ ಹೇಳಬೇಕು ಎಂಬುದು ಅವರಿಗೆಲ್ಲ ಅಭ್ಯಾಸವಾಗಿಹೋಗಿತ್ತು. ಇವತ್ತು ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೇಳದಿದ್ದರೂ ಹೇಳಿದರು.

ಮೊದಲು ಗಡಿಯಾರ ರಿಪೇರಿಯವನು ಬಂದ. ತಾನೂ ಎರಡೂ ಕಿವಿ ಬರೆದುಕೊಟ್ಟವನು, ಅದರ ಬಗ್ಗೆ ಜಂಬ ಇದ್ದವನು.

"ಡಾಕ್ಟರು ತಮಾಷೆ ಮನುಷ್ಯ ಬಿಡಿ," ಎಂದ. "ಐದಾರು ವರ್ಷ ಆಯ್ತೇನೋ. ಅಂಗಡಿಗೆ ಬಂದು ಕೈಗಡಿಯಾರ ಬಿಚ್ಚಿ ಇಟ್ರು. 'ಇದು ನಿಂತೋಗಿದೆ ಕಣಯ್ಯಾ, ಟಿಕ್ ಟಿಕ್ ಅಂತಾನೇ ಇಲ್ಲ' ಅಂದ್ರು. ನೋಡ್ತೀನಿ, ಬೊಂಬಾಟಾಗಿ ಓಡ್ತಿದೆ! 'ಸಾರ್, ಓಡ್ತಿದೆಯಲ್ಲ' ಅಂದೆ. ಇಸ್ಕೊಂಡು ಕಿವಿ ಹತ್ರ ಹಿಡಿದ್ರು. ಹಿಡ್ಕೊಂಡೇ ನಿಂತ್ರು. ಆಮೇಲೆ 'ಹೌದಲ್ಲ, ಓಡ್ತಿದೆ' ಅಂತ ಕಟ್ಕೊಂಡು ಹೋದ್ರು. ನನ್ನ ಪರೀಕ್ಷೆ ಮಾಡೋಕೆ ಬಂದಿದ್ರು ನೋಡಿ!"

ಸುತ್ತಲಿದ್ದ ಇಬ್ಬರು ನಕ್ಕರು. ಗಾಜಿನಕ್ಕನಿಗೆ ನಗು ಬರಲಿಲ್ಲ. ಗಡಿಯಾರವನ್ನು ಕಿವಿಗೆ ಹಿಡಿದುಕೊಂಡು ಅಂಗಡಿಯ ಮುಂದೆ ನಿಂತ ಡಾಕ್ಟರು ಕಣ್ಣಿಗೆ ಕಟ್ಟಿದ ಹಾಗಾಯಿತು. ಒಳಗಿವಿಯ ಸುರುಳಿಯಲ್ಲಿ ಬಾಗಿಲ ಬಳಿ ಇರುವುದು ಕೀಚಲು ಸದ್ದಿನ ಜಾಗ. ಒಳಕ್ಕೆ ಹೋದ ಹಾಗೆ ದಪ್ಪ ಸದ್ದು. ವಯಸ್ಸಿಗೆ ಮೊದಲು ಹಾಳಾಗುವುದು ಬಾಗಿಲ ಬಳಿಯದ್ದೇ. ಟಿಕ್ ಟಿಕ್ ಆ ಜಾಗದ್ದು. ಇದೇ ಮಾತನ್ನು ಬೇರೆ ಯಾರ ಮನೆಯಲ್ಲಾದರೂ ಕೇಳಿದ್ದರೆ ಅವಳ ಪೆನ್ನು ತಾನಾಗಿ ಓಡುತ್ತಿತ್ತು.

ನೆಂಟರ ಗುಂಪಿನಿಂದ ತಪ್ಪಿಸಿಕೊಂಡು ಡಾಕ್ಟರ ಮೊಮ್ಮಗಳು ಬಂದು ಅವಳ ಮೊಣಕಾಲಿಗೆ ಅಂಟಿಕೊಂಡಳು. ಎರಡನೇ ಕ್ಲಾಸಿನ ಹುಡುಗಿ, ಮುಂದಿನ ಹಲ್ಲು ಎರಡೂ ಇರಲಿಲ್ಲ.

"ತಾತಂಗೆ ನಾನು ಗುಟ್ಟು ಹೇಳ್ತಿದ್ದೆ," ಎಂದಳು.

"ಏನು ಗುಟ್ಟು?"

"ಎಲ್ಲಾ. ಭೂತಗನ್ನಡಿ ಒಡೆದಿದ್ದು. ಅಮ್ಮನ ಫೋನ್ ನೀರಿಗೆ ಹಾಕಿದ್ದು. ಕಿವೀಲಿ ಪಿಸಪಿಸ ಅಂತ ಹೇಳ್ತಿದ್ದೆ. ತಾತ 'ಓಹೋ, ಭೇಷ್' ಅಂತಿದ್ರು."

"ಬಯ್ತಿರ್ಲಿಲ್ವಾ?"

ಹುಡುಗಿ ಅವಳನ್ನು ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. "ತಾತಂಗೆ ಪಿಸಪಿಸ ಕೇಳಿಸಲ್ಲ. ಅದಕ್ಕೇ ಅಲ್ವಾ ಅವರಿಗೆ ಹೇಳೋದು?"

ಗಾಜಿನಕ್ಕ ಎದ್ದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಚೀಲದಿಂದ ನೀಲಿ ಹಾಳೆ ತೆಗೆದು ಗೋಡೆಗೆ ಒತ್ತಿ, 'ಗಡಿಯಾರದ ಸದ್ದು, ಐದಾರು ವರ್ಷದಿಂದ ಇಲ್ಲ' ಎಂದು ಬರೆದಳು. ಅದರ ಕೆಳಗೆ 'ಮಗುವಿನ ಪಿಸುಮಾತು, ಇಲ್ಲ.' ಬರೆದದ್ದನ್ನು ನೋಡಿ ಅವಳಿಗೇ ಗಾಬರಿಯಾಯಿತು. ಹರಿದು ಹಾಕಬಹುದಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಚೀಲಕ್ಕೆ ತುರುಕಿ, ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

*

ಏಳು ವರ್ಷದ ಹಿಂದೆ ಆ ಬೆಳಿಗ್ಗೆ ಡಾಕ್ಟರು ಎಂದಿನಂತೆ ಹೆಡ್‌ಫೋನ್ ಹಾಕಿಕೊಂಡು ಗಾಜಿಗೆ ಮುಖ ಮಾಡಿ ಕೂತಿದ್ದರು. ಪರೀಕ್ಷೆಗೆ ಕೂತವರು ಗಾಜಿಗೆ ಪಕ್ಕೆ ಕೊಟ್ಟು ಕೂರಬೇಕು, ಸದ್ದು ಕೊಡುವವರ ಕೈ ಅವರಿಗೆ ಕಾಣಬಾರದು ಎಂಬುದು ಮೊದಲ ಪುಟದ ಮೊದಲ ನಿಯಮ. ಬರೆದವರು ಅವರೇ. "ನಿನ್ನ ಕೈ ನೋಡ್ಕೊಂಡು ನನಗೇನಾಗ್ಬೇಕು? ಮುಖ ನೋಡ್ಕೊಂಡು ಕೂತ್ರೆ ಬೇಜಾರಾಗಲ್ಲ," ಎನ್ನುತ್ತಿದ್ದರು. ಅವರಿಗೆ ಹೇಳುವವರು ಯಾರು?

ಅವಳು ಸದ್ದು ಕೊಟ್ಟಳು. ಅವರು ಗುಂಡಿ ಒತ್ತಿದರು, ಅವಳ ಮುಂದಿನ ಪುಟ್ಟ ದೀಪ ಹತ್ತಿತು. ಇನ್ನೊಂದು ಕೊಟ್ಟಳು, ಹತ್ತಿತು. ಇನ್ನೂ ಸಣ್ಣದು, ಅದಕ್ಕೂ ಹತ್ತಿತು. ಎಂಟೋ ಒಂಬತ್ತೋ ಸದ್ದು ಆಗಿರಬೇಕು, ಮೇಜಿನ ಕೆಳಗೆ ಅವಳ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ಹೆಡ್‌ಫೋನಿನ ವೈರು. ಹಿಂದಿನ ಸಂಜೆ ನೆಲ ಒರೆಸುವಾಗ ಕಿತ್ತವರು ಮತ್ತೆ ಸಿಕ್ಕಿಸಿರಲಿಲ್ಲ.

ಡಾಕ್ಟರು ಇಷ್ಟು ಹೊತ್ತು ಯಾವ ಸದ್ದಿಗೆ ಗುಂಡಿ ಒತ್ತುತ್ತಿದ್ದರು?

ತಲೆಯೆತ್ತಿದಳು. ಬೇಕೆಂದೇ ಬಲಭುಜ ಒಂದಿಷ್ಟು ಅಲುಗಿಸಿದಳು, ಸದ್ದಿನ ಗುಂಡಿ ಮುಟ್ಟಲಿಲ್ಲ. ದೀಪ ಹತ್ತಿತು. ಆಮೇಲೆ ಕಲ್ಲಿನ ಹಾಗೆ ಕೂತು ಅರವತ್ತು ಎಣಿಸಿದಳು. ಹತ್ತಲಿಲ್ಲ. ಗಾಜಿನ ಆಚೆಯಿಂದ ಡಾಕ್ಟರು ಅವಳ ಭುಜವನ್ನೇ ನೋಡುತ್ತಿದ್ದರು, ಪಾಠ ಬಾರದ ಮಗು ಪಕ್ಕದವನ ಸ್ಲೇಟು ನೋಡುವಂತೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ವೈರು ಸಿಕ್ಕಿಸಿ, ಕುರ್ಚಿ ತಿರುಗಿಸಿ, ಮೊದಲಿನಿಂದ ಮಾಡಬೇಕಿತ್ತು. ಆದರೆ ಆ ಹೊತ್ತಿಗಾಗಲೇ ಅವರ ಹಾಳೆಯೊಂದಕ್ಕೆ ಗಾಜು ಹಾಕಿಸಿ ಮೊಗಸಾಲೆಯ ಗೋಡೆಗೆ ತೂಗುಹಾಕಿ ಬಹಳ ವರ್ಷವಾಗಿತ್ತು. ಅದರ ಕೆಳಗೆ ಯಾರೋ ತಮಾಷೆಗೆ 'ಬಂಗಾರದ ಕಿವಿ' ಎಂದು ಬರೆದಿದ್ದರು. ಬಂದವರೆಲ್ಲ ಅದರ ಮುಂದೆ ನಿಂತು ನೋಡಿಯೇ ಒಳಗೆ ಹೋಗುತ್ತಿದ್ದರು. ಹಾಳೆಯ ಮೇಲಿನ ಆ ಗೆರೆಯಿಂದ ಕೆಳಗಿಳಿಯಲು ಆ ಮನುಷ್ಯನಿಗೆ ದಾರಿಯೇ ಇರಲಿಲ್ಲ. ಅವಳಿಗೆ ಅವರ ಬಗ್ಗೆ ಕೋಪ ಬರಲಿಲ್ಲ, ಅಯ್ಯೋ ಎನ್ನಿಸಿತು. ಭುಜ ಅಲುಗಿಸುತ್ತಾ ಪರೀಕ್ಷೆ ಮುಗಿಸಿದಳು.

"ಹೇಗಿದೆ ಬಂಗಾರದ ಕಿವಿ?" ಎನ್ನುತ್ತ ಹೊರಬಂದರು ಡಾಕ್ಟರು.

"ಹಾಗೇ ಇದೆ ಸಾರ್," ಎಂದು ಸಹಿ ಹಾಕಿದಳು.

ಮುಂದಿನ ವರ್ಷಗಳಲ್ಲಿ ವೈರು ಸರಿಯಾಗಿಯೇ ಇತ್ತು. ಅವಳ ಭುಜ ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಅಲುಗುತ್ತಿತ್ತು.

ಇನ್ನೊಂದು ಚಿಂತೆ ಅವಳ ನಿದ್ದೆ ಕೆಡಿಸಿತ್ತು. ದಿನಾ ಬೆಳಿಗ್ಗೆ ಹೆಡ್‌ಫೋನುಗಳನ್ನೆಲ್ಲ ಕಿವಿಗಿಟ್ಟು, ಒಂದೊಂದು ಸದ್ದೂ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ, ಪುಸ್ತಕದಲ್ಲಿ 'ಸರಿ' ಎಂದು ಬರೆಯುವ ಕೆಲಸವನ್ನು ಡಾಕ್ಟರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕೇಳಿಸದವರು ಬರೆದ 'ಸರಿ'ಯನ್ನು ನಂಬಿ ಬೇರೆಯವರ ಪರೀಕ್ಷೆ ಮಾಡುವುದು ಹೇಗೆ? ಅವಳು ಅರ್ಧ ಗಂಟೆ ಮುಂಚೆ ಬರತೊಡಗಿದಳು. ಎಲ್ಲವನ್ನೂ ಕೇಳಿ, ಕೆಟ್ಟಿದ್ದನ್ನು ಬದಲಾಯಿಸಿ, ಏನೂ ಅರಿಯದವಳಂತೆ ತನ್ನ ಜಾಗದಲ್ಲಿ ಕೂತಿರುತ್ತಿದ್ದಳು. ಆಮೇಲೆ ಡಾಕ್ಟರು ಬಂದು ಗಾಜಿನ ಆಚೆಯ ಅದೇ ಕುರ್ಚಿಯಲ್ಲಿ ಕೂತು ಒಂದೊಂದನ್ನೂ ಕಿವಿಗಿಟ್ಟು, ತಲೆದೂಗಿ, 'ಸರಿ' ಎಂದು ಬರೆಯುತ್ತಿದ್ದರು. ಹೀಗೆ ಏಳು ವರ್ಷ ನಡೆಯಿತು. ಒಬ್ಬರದೂ ಪರೀಕ್ಷೆ ತಪ್ಪಾಗಲಿಲ್ಲ, ಒಬ್ಬರದನ್ನು ಬಿಟ್ಟು.

*

ಮೂರು ಗಂಟೆಗೆ ಡಾಕ್ಟರ ಹೆಂಡತಿ ಅಡುಗೆಮನೆಯಿಂದ ಇಣುಕಿ ಅವಳನ್ನು ಕರೆದರು. ಬಂದವರಿಗೆ ಚಹಾ ಮಾಡಲು ಮಗಳು, ಸೊಸೆಯಂದಿರು, ನೆರೆಯವರು ಅಂತ ಬೇಕಾದಷ್ಟು ಜನ ಇದ್ದರು. ಎಲ್ಲರನ್ನೂ ಹೊರಗಟ್ಟಿ ಅವರೊಬ್ಬರೇ ಒಲೆಯ ಮುಂದೆ ನಿಂತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಹೊರಗಟ್ಟುವುದು ಅವರಿಗೆ ಹೊಸದಲ್ಲ.

"ಬಾಗಿಲು ಹಾಕ್ಕೋ," ಎಂದರು. "ಹಾಳೆ ತಂದಿದ್ದೀಯಾ?"

"ತಂದಿದ್ದೀನಿ ಅಮ್ಮಾ."

"ಬೆಳಿಗ್ಗೆಯಿಂದ ಕಾಯ್ತಾ ಇದ್ದೀನಿ, ಇವಳು ಯಾವಾಗ ಕೇಳ್ತಾಳೆ ಅಂತ. ನನ್ನ ಗಂಡ ಸತ್ತಾಗ ಮಾತ್ರ ನೀನು ಕೇಳಲ್ವಾ?"

ಒಲೆಯ ಮೇಲಿದ್ದ ಕೆಟಲು ಸಿಳ್ಳೆ ಹಾಕಿತು. ಕಿವಿಗೆ ಸೂಜಿ ಚುಚ್ಚುವಂಥ ಸದ್ದು. ಅವರು ಆರಿಸಲಿಲ್ಲ, ಅದು ಕೂಗುತ್ತಲೇ ಇತ್ತು.

"ಈ ಸದ್ದು," ಎಂದರು. "ಇದು ಬಂದ ಕೂಡ್ಲೇ ಓಡಿ ಬಂದು ಆರಿಸೋರು ಅವರೇ. ಎಂಟು ವರ್ಷದ ಹಿಂದೆ ಒಂದು ದಿನ ಪಕ್ಕದಲ್ಲೇ ಕೂತು ಪೇಪರ್ ಓದ್ತಾ ಇದ್ದಾರೆ, ಇದು ಕೂಗ್ತಾ ಇದೆ, ನೀರೆಲ್ಲ ಇಂಗಿ ತಳ ಸೀದು ಹೋಯ್ತು. ಆಮೇಲಿಂದ ಎದುರಿಗೇ ನಿಂತಿರೋರು. ಸಿಳ್ಳೆ ಬಂದಾಗ ಅಲ್ಲ, ಹಬೆ ಬಂದಾಗ ಆರಿಸೋರು. ನಾನು ಕೇಳ್ದೆ, 'ಕೇಳಿಸಲ್ವೇನ್ರೀ?' 'ಯಾಕೆ ಕೇಳಿಸಲ್ಲ?' ಅಂದ್ರು. ಅಲ್ಲಿಗೆ ನಾನೂ ಸುಮ್ಮನಾದೆ." ಒಲೆ ಆರಿಸಿದರು. ಅಡುಗೆಮನೆ ಒಮ್ಮೆಲೆ ನಿಶ್ಶಬ್ದವಾಯಿತು. "ಬರ್ಕೋ."

ಗಾಜಿನಕ್ಕ ಹಾಳೆ ಬಿಚ್ಚಿದಳು, ಬರೆಯಲಿಲ್ಲ.

"ಅಮ್ಮಾ, ಇದನ್ನ ಬರೆದ್ರೆ ಏಳು ವರ್ಷದಿಂದ ನಾವು ಬರೆದಿದ್ದೆಲ್ಲ ಸುಳ್ಳು ಅಂತಾಗುತ್ತೆ. ಅವರ ಹೆಸರು ಹಾಳಾಗುತ್ತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕ್ದೆ." ಹಾಳೆಯ ಮಡಿಕೆಯನ್ನು ಬೆರಳಿನಿಂದ ಸವರಿದಳು. "ಅವರಿಗೆ ನಾಚಿಕೆ ಆಗ್ಬಾರ್ದು ಅಂತ. ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗ್ಬಾರ್ದು ಅಂತ."

ಡಾಕ್ಟರ ಹೆಂಡತಿ ಸ್ಟೂಲು ಎಳೆದು ಕೂತರು.

"ನಿಮ್ಮ ಲ್ಯಾಬಿನ ಎದುರಿಗೆ ಬಸ್ ಸ್ಟಾಪ್ ಇದೆಯಲ್ಲ, ಅಲ್ಲೊಂದು ಬೆಂಚಿದೆ."

"ಇದೆ."

"ಏಳು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲಿ ಕೂರ್ತಿದ್ರು. ಒಂದಿನ ಮಗಳ ಜೊತೆ ಕಾರಲ್ಲಿ ಹೋಗ್ತಾ ನೋಡ್ದೆ. ಇದೇನು ಇವರು, ಕೆಲ್ಸಕ್ಕೆ ಅಂತ ಬಂದು ಬಸ್ ಸ್ಟಾಪಲ್ಲಿ ಕೂತಿದ್ದಾರೆ ಅಂತ ಸಂಜೆ ಕೇಳ್ದೆ. 'ಅವಳು ಅರ್ಧ ಗಂಟೆ ಮುಂಚೆ ಬರ್ತಾಳೆ, ಎಲ್ಲಾ ಕೇಳಿ ನೋಡ್ತಾಳೆ. ಮುಗಿಸ್ಲಿ. ನಾನು ಮೊದಲೇ ಹೋದ್ರೆ ಅವಳಿಗೆ ಕಷ್ಟ ಆಗುತ್ತೆ' ಅಂದ್ರು. ಅವಳು ಕೇಳಿದ್ರೆ ಸಾಕು, ನಾನು ಕೇಳಿದ ಹಾಗೇ ಅಂದ್ರು."

ಗಾಜಿನಕ್ಕನ ಕೈಯಲ್ಲಿದ್ದ ಪೆನ್ನು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನೆಲದ ಮೇಲೆ ಕೂತು ಅತ್ತಳು. ಬೆಳಿಗ್ಗೆಯಿಂದ ಅತ್ತಿರಲಿಲ್ಲ.

"ಒಂದು ಮಾತು ಹೇಳಬಹುದಿತ್ತಲ್ಲ ಅಮ್ಮಾ," ಎಂದಳು ಕೊನೆಗೆ. ಈಗ ಮಾತ್ರ ಅವಳಿಗೆ ಅವರ ಮೇಲೆ ಸಿಟ್ಟು ಬಂದಿತ್ತು. "ಬಿಸಿಲಲ್ಲಿ, ಚಳೀಲಿ, ಆ ಬೆಂಚಿನ ಮೇಲೆ... ಒಂದು ಮಾತು!"

"ಹೇಳಬಹುದಿತ್ತು. ನೀನೂ ಹೇಳಬಹುದಿತ್ತು. ನಾನೂ ಹೇಳಬಹುದಿತ್ತು." ಅವರು ಸೆರಗಿನಿಂದ ಅವಳ ಮುಖ ಒರೆಸಿದರು, ನೋವಾಗುವಷ್ಟು ಗಟ್ಟಿಯಾಗಿ, ಮಕ್ಕಳ ಮುಖ ಒರೆಸುವ ಹಾಗೆ. "ನಾಳೆಯಿಂದ ನನಗೆ ಅವರು ದೇವರಂಥ ಮನುಷ್ಯ ಆಗಿಬಿಡ್ತಾರೆ. ಇನ್ನೂ ಒಂದು ಗಂಟೆ ಇದೆ. ಏಳು, ಬರ್ಕೋ."

ಬರೆದುಕೊಂಡಳು. ಕೆಟಲಿನ ಸಿಳ್ಳೆ, ಎಂಟು ವರ್ಷದಿಂದ. ಬಾಗಿಲ ಗಂಟೆ, ನಾಲ್ಕು ವರ್ಷದಿಂದ. ಹೆಂಗಸರ ಮಾತು, ಮುಖ ಕಂಡರೆ ತಿಳಿಯುತ್ತಿತ್ತು, ಬೆನ್ನು ಮಾಡಿದರೆ ಇಲ್ಲ. ಫೋನು, ಎಡಗಿವಿಗೆ ಮಾತ್ರ, ಆಮೇಲೆ ಅದೂ ಇಲ್ಲ, 'ಮೆಸೇಜ್ ಹಾಕು' ಎನ್ನುತ್ತಿದ್ದರು. ಹಾಳೆಯ ಕೊನೆಯ ಪ್ರಶ್ನೆಗೆ ಬಂದಳು.

"ಕೊನೆವರೆಗೂ ಚೆನ್ನಾಗಿ ಕೇಳಿಸ್ತಿದ್ದ ಸದ್ದು ಯಾವುದು?"

ಡಾಕ್ಟರ ಹೆಂಡತಿ ಥಟ್ಟನೆ ಹೇಳಿದರು: "ನನ್ನ ಗೊರಕೆ."

ಗಾಜಿನಕ್ಕ ತಲೆಯೆತ್ತಿದಳು.

"ನಗಬೇಡ, ಬರಿ. ಮೊನ್ನೆನೂ ಭುಜ ಅಲುಗಿಸಿ ಎಬ್ಬಿಸಿದ್ರು, 'ಮಗ್ಗುಲು ಬದಲಾಯಿಸೇ, ಲಾರಿ ಬಂದ ಹಾಗಾಗುತ್ತೆ' ಅಂತ." ಹೇಳಿ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇನ್ನು ಯಾರಿಗೂ ತೊಂದರೆ ಇಲ್ಲ."

ಹೇಳಿದವರು ಎಂಬ ಜಾಗದಲ್ಲಿ ಅವರು ದುಂಡಗೆ ಸಹಿ ಮಾಡಿದರು. ಬರೆದುಕೊಂಡವರು ಎಂಬ ಜಾಗದಲ್ಲಿ ಗಾಜಿನಕ್ಕ ಮಾಡಿದಳು. ಆಮೇಲೆ ಹಾಳೆ ಮಗುಚಿ, ಹಿಂಬದಿಯಲ್ಲಿ, ಕಿತ್ತುಹೋಗಿದ್ದ ವೈರಿನಿಂದ ಹಿಡಿದು ತನ್ನ ಭುಜದವರೆಗೆ ಎಲ್ಲವನ್ನೂ ಹನ್ನೊಂದು ಸಾಲಿನಲ್ಲಿ ಬರೆದಳು.

*

ಮುಖ್ಯಸ್ಥ ಮೆಟ್ಟಿಲ ಮೇಲೆ ನಿಂತು ತನ್ನ ಭಾಷಣವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದ. ಹೊರಗೆ ವಾಹನ ಬಂದು ನಿಂತಿತ್ತು. ಅವಳು ನೀಲಿ ಹಾಳೆಯನ್ನು ಅವನ ಕೈಗಿಟ್ಟಳು.

ಅವನು ನಿಂತಲ್ಲೇ ಓದಿದ. ಹುಬ್ಬು ಗಂಟಿಕ್ಕಿತು. ಮಗುಚಿ ಹಿಂಬದಿ ಓದಿದ. ಮತ್ತೆ ಮುಂದೆ ತಿರುಗಿಸಿದ.

"ಇದು ನಿಜಾನಾ?"

"ನಿಜ."

"ಇವತ್ತೇ ಕೊಡ್ಬೇಕಿತ್ತಾ ಇದನ್ನ?" ಎಂದ. ಅಂದ ಮೇಲೆ ತಾನೇ ಬಾಯಿ ಮುಚ್ಚಿಕೊಂಡ. ಯಾಕೆ ಇವತ್ತೇ ಎಂಬುದು ಆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿತ್ತು. "ನಿಮ್ಮ ಕೆಲಸದ ವಿಷಯ... ನಾಳೆ ಕೂತು ಮಾತಾಡ್ಬೇಕಾಗುತ್ತೆ. ಇದು ಸಣ್ಣ ವಿಷಯ ಅಲ್ಲ."

"ಗೊತ್ತು. ಬರ್ತೀನಿ. ಅರ್ಧ ಗಂಟೆ ಮುಂಚೆನೇ ಬರ್ತೀನಿ."

ಅವನು ಒಳಗೆ ಹೋಗಿ ದೇಹದ ಪಕ್ಕ ನಿಂತ. ಜನ ಮಾತು ನಿಲ್ಲಿಸಿದರು. ಬಲಗೈಯಲ್ಲಿ ಬರೆದುಕೊಂಡು ಬಂದ ಭಾಷಣ, ಎಡಗೈಯಲ್ಲಿ ನೀಲಿ ಹಾಳೆ. ಎರಡನ್ನೂ ಒಂದು ಸಲ ನೋಡಿ ಭಾಷಣವನ್ನು ಜೇಬಿಗೆ ಹಾಕಿದ. ಅವನಿಗೆ ಬರೆದುಕೊಳ್ಳದೆ ಮಾತಾಡಿ ಅಭ್ಯಾಸವಿರಲಿಲ್ಲ.

"ನಮ್ಮ ಕಪಾಟಿನಲ್ಲಿ ನೂರ ಹದಿನೆಂಟು ಜೋಡಿ ಕಿವಿಗಳಿವೆ," ಎಂದ ತಡವರಿಸುತ್ತ. "ಪ್ರತಿಯೊಂದರ ಜೊತೆನೂ ಒಂದು ನೀಲಿ ಹಾಳೆ ಇದೆ. ನಿಮ್ಮಲ್ಲಿ ತುಂಬಾ ಜನ ಅದನ್ನ ತುಂಬಿಸಿದವರೇ. ಇವತ್ತು ಬೆಳಿಗ್ಗೆ ನೂರ ಹತ್ತೊಂಬತ್ತನೆಯದು ಬಂತು. ಮೂಳೆ ಮೆದುವಾಗೋಕೆ ಹದಿನಾಲ್ಕು ತಿಂಗಳು ಬೇಕು, ಆಮೇಲೆ ಅದನ್ನ ತೆರೆದು ನೋಡ್ತೀವಿ. ಅದರಿಂದ ನಾವು ಕಲಿಯೋದಿದೆ." ನಿಂತ. ಗುಂಪಿನಲ್ಲಿ ಗಾಜಿನಕ್ಕನನ್ನು ಹುಡುಕಿದ. "ಅದರ ಹಾಳೆ ಸರಿಯಾಗಿದೆ. ಅಷ್ಟೇ ನಾನು ಹೇಳೋದು."

ಗಡಿಯಾರ ರಿಪೇರಿಯವನು ಹೌದೆಂಬಂತೆ ತಲೆಯಾಡಿಸಿದ. ಡಾಕ್ಟರ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ದೇಹ ಎತ್ತುವಾಗ ಮೊಮ್ಮಗಳು ಓಡಿಬಂದು, ಎಲ್ಲರೂ ನೋಡುತ್ತಿದ್ದಂತೆ, ತಾತನ ಕಿವಿಯ ಬಳಿ ಬಾಯಿಟ್ಟು ಏನೋ ಹೇಳಿ ಹೋದಳು. ಏನೆಂದು ಯಾರೂ ಕೇಳಲಿಲ್ಲ.

*

ಎಲ್ಲ ಮುಗಿದ ಮೇಲೆ ಗಾಜಿನಕ್ಕ ಮನೆಗೆ ಹೋಗದೆ ಪ್ರಯೋಗಾಲಯಕ್ಕೆ ಹೋದಳು. ಸಂಜೆಯ ಬಿಸಿಲು ಇನ್ನೂ ಇತ್ತು. ಬಸ್ ಸ್ಟಾಪಿನ ಬೆಂಚು ಖಾಲಿಯಾಗಿತ್ತು. ಅದರ ಮುಂದೆ ಒಂದು ಗಳಿಗೆ ನಿಂತು ಎದುರಿಗೆ ನೋಡಿದಳು. ಅವಳು ಕೂರುವ ಕೋಣೆಯ ಕಿಟಕಿ ಅಲ್ಲಿಂದ ನೇರವಾಗಿ ಕಾಣುತ್ತಿತ್ತು.

ಒಳಗೆ ಹೋಗಿ ಡಾಕ್ಟರ ಕಡತ ತೆಗೆದಳು. ಏಳು ವರ್ಷದ ಏಳು ಹಾಳೆಗಳ ಮೇಲೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿ ಸಹಿ ಮಾಡಿದಳು. ಎಲ್ಲಕ್ಕಿಂತ ಮೇಲೆ, ಮುಖ್ಯಸ್ಥ ಹಿಂದಿರುಗಿಸಿದ್ದ ನೀಲಿ ಹಾಳೆಯನ್ನು ಪಿನ್ನು ಮಾಡಿದಳು. ಕಪಾಟಿನಲ್ಲಿ ಎರಡು ಹೊಸ ಜಾಡಿಗಳಿದ್ದವು, ನೂರ ಹತ್ತೊಂಬತ್ತು ಬಲ, ನೂರ ಹತ್ತೊಂಬತ್ತು ಎಡ. ಅವುಗಳ ಮುಂದೆ ಕಡತ ಇಟ್ಟು ಬಾಗಿಲು ಹಾಕಿದಳು.

ಆಮೇಲೆ ಸದ್ದಿಲ್ಲದ ಕೋಣೆಯ ಭಾರದ ಬಾಗಿಲನ್ನು ತಳ್ಳಿ ಒಳಗೆ ಹೋದಳು. ನಿನ್ನೆ ಯಾರೂ ಪರೀಕ್ಷೆಗೆ ಬಂದಿರಲಿಲ್ಲ, ಬೆಳಿಗ್ಗೆ ಡಾಕ್ಟರು 'ಸರಿ' ಬರೆದು ಎದ್ದುಹೋದ ಕುರ್ಚಿ ಗಾಜಿಗೆ ಮುಖ ಮಾಡಿಕೊಂಡು ಹಾಗೇ ಇತ್ತು. ಅದನ್ನು ಎರಡು ಕೈಯಲ್ಲಿ ಎತ್ತಿ, ತಿರುಗಿಸಿ, ಗಾಜಿಗೆ ಪಕ್ಕೆ ಕೊಟ್ಟು ಇಟ್ಟಳು. ಈಚೆ ಬಂದು ತನ್ನ ಜಾಗದಲ್ಲಿ ಕೂತು ನೋಡಿದಳು. ಕುರ್ಚಿಯಿದ್ದ ಕಡೆ ನೆಲಹಾಸಿನಲ್ಲಿ ನಾಲ್ಕು ಗುಳಿಗಳು, ಅವಳ ಕಡೆಗೇ ಮುಖ ಮಾಡಿಕೊಂಡು.